ಜೆರ್ಮಾಟ್ ಗಿರಿಧಾಮ: ಹಲ್ಲುಹಳಿಯ ಮೇಲೆ ಹಿಮದ ನೆತ್ತಿಗೆ

ಬೆಟ್ಟವನ್ನು ಕಂಡರೆ ಏರಬೇಕೆನ್ನುವುದು ಮನುಷ್ಯನ ಹುಟ್ಟುಗುಣ. ಆದರೆ ನೆತ್ತಿಯವರೆಗೆ ನಡೆದು ಹೋಗುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಮುಪ್ಪಿನವರು, ಎಳೆಯ ಮಕ್ಕಳು, ಮೈಯಲ್ಲಿ ಕಸುವಿಲ್ಲದವರು ಬುಡದಲ್ಲಿಯೇ ನಿಂತು ಕೈಮುಗಿದು ಹಿಂದಿರುಗುವುದು ಎಲ್ಲ ನಾಡುಗಳಲ್ಲಿಯೂ ನಡೆದುಬಂದ ಸಂಗತಿ. ಅಂಥವರನ್ನೂ ಮೇಲಕ್ಕೆ ಕರೆದೊಯ್ಯಬೇಕು; ಹಾಗೆ ಕರೆದೊಯ್ಯುವ ಭರದಲ್ಲಿ ಬೆಟ್ಟವೂ ಕೆಡಬಾರದು. ಈ ಎರಡು ಹಂಬಲಗಳ ನಡುವೆ ಹೊಂದಾಣಿಕೆ ಸಾಧ್ಯವೇ ಎಂಬ ಪ್ರಶ್ನೆಗೆ ನೂರು ವರ್ಷಗಳಿಗೂ ಮಿಗಿಲಾಗಿ ಉತ್ತರ ಹುಡುಕುತ್ತ ಬಂದಿರುವ ಒಂದು ಊರು ಸ್ವಿಟ್ಜರ್ಲೆಂಡ್ ದೇಶದಲ್ಲಿದೆ. ಅದರ ಹೆಸರು ಜೆರ್ಮಾಟ್. ಆ ಊರಿನ ವಿದ್ಯುತ್ ಹಲ್ಲುಹಳಿ ರೈಲುಗಳ ಕಥೆಯನ್ನು ನಮ್ಮ ಓದುಗ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಹೇಸರಗತ್ತೆಗಳ ಕಾಲ

ಆಲ್ಪ್ಸ್ ಪರ್ವತಶ್ರೇಣಿಯಲ್ಲಿ, ಇಟಲಿಯ ಗಡಿಗೆ ಒತ್ತಿಕೊಂಡಂತೆ, ವಾಲೇ ಎಂಬ ಪ್ರಾಂತ್ಯವಿದೆ. ಅಲ್ಲಿಯ ಒಂದು ಕಿರಿದಾದ ಕಣಿವೆಯ ತುದಿಯಲ್ಲಿ, ಸಮುದ್ರಮಟ್ಟದಿಂದ 1605 ಮೀಟರ್ ಎತ್ತರದಲ್ಲಿ ಜೆರ್ಮಾಟ್ ನೆಲೆಸಿದೆ. ಊರಿನ ನೆತ್ತಿಯ ಮೇಲೆ 4478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರ ಉಳಿ ಹಿಡಿದು ಕಡೆದಂತೆ ಒಂಟಿಯಾಗಿ ನಿಂತಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಇದು ದನ, ಕುರಿ, ತುಂಡು ಹೊಲಗಳನ್ನು ನಂಬಿಕೊಂಡಿದ್ದ ಬಡ ಹಳ್ಳಿಯಾಗಿತ್ತು. ಪಯಣಿಗರು ಕೆಳಗಿನ ಬಯಲಿನಿಂದ ಕಾಲ್ನಡಿಗೆಯಲ್ಲಿಯೋ ಹೇಸರಗತ್ತೆಯ ಬೆನ್ನಿನ ಮೇಲೆಯೋ ಬರಬೇಕಾಗಿತ್ತು. ನಡೆಯಲಾರದ ಸಿರಿವಂತರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಡೋಲಿಯಂತೆ ಹೆಗಲ ಮೇಲೆ ಹೊತ್ತು ತರುತ್ತಿದ್ದರು.

1855ರಲ್ಲಿ ಅಲೆಕ್ಸಾಂಡರ್ ಸೈಲರ್ ಎಂಬ ಉದ್ಯಮಿ ಇಲ್ಲಿಯ ಸಣ್ಣ ತಂಗುಮನೆಯೊಂದನ್ನು ಕೊಂಡು ಮಾಂಟೆ ರೋಸಾ ಎಂಬ ಹೋಟೆಲನ್ನಾಗಿ ಬೆಳೆಸಿದನು. ಆತ ಹೊರಗಿನಿಂದ ಬಂದವನು. ಊರಿನ ಹುಲ್ಲುಗಾವಲು, ಕಾಡುಗಳ ಮೇಲೆ ಒಡೆತನವಿದ್ದ ಮೂಲನಿವಾಸಿ ಕುಟುಂಬಗಳು ಅವನನ್ನು ತಮ್ಮವನೆಂದು ಒಪ್ಪಿಕೊಳ್ಳಲಿಲ್ಲ. ವರ್ಷಗಟ್ಟಲೆ ಕಾನೂನಿನ ಹೋರಾಟ ನಡೆಸಿದ ಮೇಲೆ 1889ರಲ್ಲಿ ಅವನಿಗೆ ಆ ಹಕ್ಕು ದೊರೆಯಿತು. ಊರಿಗೆ ಅನ್ನದ ದಾರಿ ತೋರಿಸಿದವನನ್ನು ಊರಿನವನೆನ್ನಲು ಅಷ್ಟು ಕಾಲ ಹಿಡಿಯಿತು!

1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಎಂಬ ಆಂಗ್ಲನ ನೇತೃತ್ವದಲ್ಲಿ ಏಳು ಜನ ಮ್ಯಾಟರ್‌ಹಾರ್ನ್ ಶಿಖರವನ್ನು ಮೊಟ್ಟಮೊದಲು ಏರಿದರು. ಇಳಿಯುವಾಗ ಒಬ್ಬನ ಕಾಲು ಜಾರಿತು, ಹಗ್ಗ ಹರಿಯಿತು, ನಾಲ್ವರು ಪ್ರಪಾತಕ್ಕೆ ಬಿದ್ದು ಅಸುನೀಗಿದರು. ಈ ದುರಂತದ ಸುದ್ದಿ ಯುರೋಪಿನ ಮನೆಮನೆಗೂ ಮುಟ್ಟಿತು. ಭಯ ಹುಟ್ಟಿಸಬೇಕಾಗಿದ್ದ ಸುದ್ದಿ ಕುತೂಹಲವನ್ನು ಹುಟ್ಟಿಸಿ, ಶಿಖರವನ್ನು ಕಣ್ಣಾರೆ ಕಾಣಬೇಕೆಂದು ಬರುವವರ ಸಂಖ್ಯೆ ಏರತೊಡಗಿತು. ದಾರಿ ತೋರಿಸುವವರು, ಹೊರೆ ಹೊರುವವರು, ಹೇಸರಗತ್ತೆ ಸಾಕಿದವರು, ಎಲ್ಲರ ಮನೆಯ ಒಲೆಯೂ ಹೊತ್ತಿತು.

ಕಣಿವೆಗೆ ರೈಲು ಬಂದಿತು

1891ರ ಜುಲೈ ತಿಂಗಳಲ್ಲಿ ಕೆಳಗಿನ ವಿಸ್ಪ್ ಪಟ್ಟಣದಿಂದ ಜೆರ್ಮಾಟಿಗೆ ಸುಮಾರು 35 ಕಿಲೋಮೀಟರ್ ಉದ್ದದ ಮೀಟರ್‌ಗೇಜ್ ರೈಲುಮಾರ್ಗ ತೆರೆಯಿತು. ಅದೇ ವರ್ಷ ಸೈಲರ್ ನಿಧನ ಹೊಂದಿದನು. ಈ ಮಾರ್ಗ ಒಂಬೈನೂರು ಮೀಟರಿಗೂ ಹೆಚ್ಚು ಎತ್ತರವನ್ನು ಏರಬೇಕು. ಸಾಧಾರಣ ಇಳಿಜಾರಿನಲ್ಲಿ ಬೇರೆ ರೈಲುಗಳಂತೆಯೇ ಓಡಿ, ಕಡಿದಾದ ಕಡೆಗಳಲ್ಲಿ ಮಾತ್ರ ಹಲ್ಲುಹಳಿಯ ಆಸರೆ ಪಡೆಯುವಂತೆ ಅದನ್ನು ರಚಿಸಿದರು. ಮೊದಲು ಉಗಿಯಂತ್ರಗಳು ಎಳೆಯುತ್ತಿದ್ದವು. 1929ರಲ್ಲಿ ಈ ಮಾರ್ಗಕ್ಕೆ ವಿದ್ಯುತ್ತು ಬಂದಿತು. ಮರುವರ್ಷ, 1930ರಲ್ಲಿ, ಜೆರ್ಮಾಟಿನಿಂದ ಸೇಂಟ್ ಮೊರಿಟ್ಜ್ ಗಿರಿಧಾಮಕ್ಕೆ ಹೋಗುವ ಗ್ಲೇಸಿಯರ್ ಎಕ್ಸ್‌ಪ್ರೆಸ್ ಸಂಚಾರ ಮೊದಲಾಯಿತು.

ಹಲ್ಲುಹಳಿ ಎಂದರೇನು?

ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಘರ್ಷಣೆ ಬಹಳ ಕಡಿಮೆ. ಸಮನೆಲದಲ್ಲಿ ಇದೇ ರೈಲಿನ ದೊಡ್ಡ ಗುಣ; ಏರಿನಲ್ಲಿ ಇದೇ ಅದರ ದೋಷ. ನೂರು ಮೀಟರ್ ದೂರಕ್ಕೆ ಏಳೆಂಟು ಮೀಟರಿಗಿಂತ ಹೆಚ್ಚಿನ ಏರು ಬಂದರೆ ಸಾಮಾನ್ಯವಾಗಿ ಗಾಲಿ ನಿಂತಲ್ಲಿಯೇ ತಿರುಗತೊಡಗುತ್ತದೆ. ಮಳೆಯೋ ಮಂಜೋ ಬಿದ್ದಾಗಲಂತೂ ಹೇಳುವುದೇ ಬೇಡ.

ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ಎರಡು ಹಳಿಗಳ ನಡುವೆ, ಮರದ ಸುತ್ತ ಏಣಿ ಒರಗಿಸಿದಂತೆ, ಹಲ್ಲುಗಳುಳ್ಳ ಮೂರನೆಯ ಉಕ್ಕಿನ ಪಟ್ಟಿಯನ್ನು ಹಾಸುವುದು; ಗಾಡಿಯ ಅಡಿಯಲ್ಲಿ ಹಲ್ಲುಗಾಲಿಯೊಂದನ್ನು ಜೋಡಿಸುವುದು. ಹಲ್ಲಿಗೆ ಹಲ್ಲು ಕಚ್ಚಿಕೊಂಡು ಗಾಡಿ ಮೇಲೇರುತ್ತದೆ, ಜಾರುವ ಮಾತೇ ಇಲ್ಲ. ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದಲ್ಲಿ 1869ರಲ್ಲಿ ಇಂಥ ರೈಲು ಓಡಿತು. ಯುರೋಪಿನಲ್ಲಿ ನಿಕ್ಲಾಸ್ ರಿಗೆನ್‌ಬಾಖ್ ಎಂಬ ತಂತ್ರಜ್ಞ 1871ರಲ್ಲಿ ಸ್ವಿಟ್ಜರ್ಲೆಂಡಿನ ರಿಗಿ ಬೆಟ್ಟಕ್ಕೆ ಹಲ್ಲುಹಳಿ ಹಾಸಿದನು. ಆತನ ಕೈಕೆಳಗೆ ಕೆಲಸ ಮಾಡಿದ್ದ ರೋಮನ್ ಆಪ್ಟ್ 1882ರಲ್ಲಿ ಇದನ್ನು ಇನ್ನಷ್ಟು ಸುಧಾರಿಸಿದನು. ಒಂದೇ ಪಟ್ಟಿಯ ಬದಲು ಎರಡು ಅಥವಾ ಮೂರು ಪಟ್ಟಿಗಳನ್ನು ಪಕ್ಕಪಕ್ಕಕ್ಕೆ ಇಟ್ಟು, ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗುವಂತೆ ಜೋಡಿಸಿದನು. ಇದರಿಂದ ಯಾವ ಗಳಿಗೆಯಲ್ಲಿಯೂ ಯಾವುದಾದರೊಂದು ಹಲ್ಲು ಗಟ್ಟಿಯಾಗಿ ಕಚ್ಚಿಕೊಂಡೇ ಇರುತ್ತದೆ; ಗಾಡಿಯ ಜರ್ಬು, ಕುಲುಕಾಟ ತಗ್ಗುತ್ತದೆ.

ಈ ಆಪ್ಟ್ ಪದ್ಧತಿ ನಮಗೆ ತೀರ ಅಪರಿಚಿತವೇನೂ ಅಲ್ಲ. ಮೈಸೂರಿನ ನೆರೆಯ ನೀಲಗಿರಿಯಲ್ಲಿ ಮೆಟ್ಟುಪಾಳ್ಯದಿಂದ ಉದಕಮಂಡಲಕ್ಕೆ ಹೋಗುವ ಪುಟ್ಟ ರೈಲು ಕಲ್ಲಾರಿನಿಂದ ಕೂನೂರಿನವರೆಗೆ ಏರುವುದು ಇದೇ ಹಲ್ಲುಹಳಿಯ ಮೇಲೆ. ಕೂನೂರಿನವರೆಗಿನ ಮಾರ್ಗ 1899ರಲ್ಲಿಯೂ ಉದಕಮಂಡಲದವರೆಗಿನದು 1908ರಲ್ಲಿಯೂ ತೆರೆಯಿತು. ಆ ಮಾರ್ಗದ ಹೆಸರಾಂತ ಉಗಿಯಂತ್ರಗಳನ್ನು ನಿರ್ಮಿಸಿದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಪಟ್ಟಣದ ಕಾರ್ಖಾನೆ. 2005ರಲ್ಲಿ ಯುನೆಸ್ಕೊ ಈ ಮಾರ್ಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಊಟಿಯ ರೈಲಿನಲ್ಲಿ ಮಕ್ಕಳೊಡನೆ ಕುಳಿತವರು, ಅರಿಯದೆಯೇ, ರೋಮನ್ ಆಪ್ಟನ ಉಪಕಾರವನ್ನು ಪಡೆದಿದ್ದಾರೆ.

ಗೋರ್ನರ್‌ಗ್ರಾಟ್: ಮಿಂಚಿನ ಬಲದ ಏರು

ಜೆರ್ಮಾಟಿನಿಂದ ಇನ್ನೂ ಮೇಲೆ, 3089 ಮೀಟರ್ ಎತ್ತರದಲ್ಲಿ ಗೋರ್ನರ್‌ಗ್ರಾಟ್ ಎಂಬ ಬಂಡೆಯ ಏಣು ಇದೆ. ಅಲ್ಲಿಗೆ ರೈಲು ಹಾಕುವ ಅನುಮತಿ 1892ರಲ್ಲಿ ದೊರೆಯಿತು. ಊರಿನವರು ಇದನ್ನು ಸಂತೋಷದಿಂದ ಸ್ವಾಗತಿಸಿದರೆಂದು ಯಾರೂ ಭಾವಿಸಬಾರದು. ಹೇಸರಗತ್ತೆ ಹೊಡೆಯುವವರ, ಹೊರೆ ಹೊರುವವರ, ದಾರಿ ತೋರಿಸುವವರ ಕಾಯಕವನ್ನು ರೈಲು ಕಸಿದುಕೊಳ್ಳುತ್ತದೆಂಬ ಅಂಜಿಕೆ ಅವರಿಗಿತ್ತು. ಆ ಅಂಜಿಕೆಯಲ್ಲಿ ಹುರುಳಿಲ್ಲವೆಂದು ಹೇಳುವಂತಿಲ್ಲ. ಹೊಸ ಯಂತ್ರ ಬಂದಾಗ ಮೊದಲು ಬರಿದಾಗುವುದು ಬಡವನ ಕೈ.

1896ರಲ್ಲಿ ಕೆಲಸ ಆರಂಭವಾಯಿತು. ದುಡಿದವರಲ್ಲಿ ಹೆಚ್ಚಿನವರು ಇಟಲಿಯಿಂದ ಬಂದ ಕೂಲಿಕಾರರು. ಕೊರೆಯುವ ಚಳಿಯಲ್ಲಿ ಬಂಡೆ ಸೀಳಿ, ಸೇತುವೆ ಕಟ್ಟಿ, ಎರಡೇ ವರ್ಷಗಳಲ್ಲಿ ಒಂಬತ್ತು ಕಿಲೋಮೀಟರಿಗೂ ಹೆಚ್ಚಿನ ಮಾರ್ಗವನ್ನು ಅವರು ಮುಗಿಸಿದರು. 1898ರ ಆಗಸ್ಟ್ 20ರಂದು ರೈಲು ಓಡಿತು. ಸ್ವಿಟ್ಜರ್ಲೆಂಡಿನ ಮೊದಲ ವಿದ್ಯುತ್ ಹಲ್ಲುಹಳಿ ರೈಲು ಇದೇ. ನಮ್ಮ ಅನೇಕ ಪಟ್ಟಣಗಳು ಹರಳೆಣ್ಣೆಯ ದೀಪದಲ್ಲಿದ್ದ ಕಾಲದಲ್ಲಿ ಆ ಹಿಮಗಾಡಿನಲ್ಲಿ ಫಿಂಡೆಲ್‌ಬಾಖ್ ಎಂಬ ಹಳ್ಳದ ನೀರಿನಿಂದ ವಿದ್ಯುತ್ತು ತೆಗೆದು ರೈಲನ್ನು ಏರಿಸಿದರು. ಹಿಮ ಕರಗಿ ಹಳ್ಳವಾಗುತ್ತದೆ. ಹಳ್ಳ ವಿದ್ಯುತ್ತಾಗಿ ಜನರನ್ನು ಮತ್ತೆ ಹಿಮದ ಬಳಿಗೆ ಒಯ್ಯುತ್ತದೆ!

ಈ ರೈಲು ಬಳಸುವುದು ಥ್ರೀ ಫೇಸ್ ವಿದ್ಯುತ್ತನ್ನು. ನಮ್ಮ ರೈತ ಕುಟುಂಬಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟದ ಬಾವಿಯ ಪಂಪ್‌ಸೆಟ್ಟು ನಡೆಯುವುದು ಅದರಿಂದಲೇ. ಅಲ್ಲಿ ಎರಡು ಫೇಸುಗಳು ಮೇಲಿನ ಎರಡು ತಂತಿಗಳಲ್ಲಿ ಬರುತ್ತವೆ, ಮೂರನೆಯದಕ್ಕೆ ಹಳಿಯೇ ದಾರಿ. ಪ್ರಪಂಚದಲ್ಲಿ ಈ ಪದ್ಧತಿಯನ್ನು ಇಂದಿಗೂ ಉಳಿಸಿಕೊಂಡಿರುವ ರೈಲುಗಳು ನಾಲ್ಕೇ. ಗೋರ್ನರ್‌ಗ್ರಾಟ್ ಒಂದು, ಅದೇ ದೇಶದ ಯುಂಗ್‌ಫ್ರಾವ್ ಇನ್ನೊಂದು, ಬ್ರೆಜಿಲಿನ ಕೊರ್ಕೊವಾಡೊ ಹಾಗೂ ಫ್ರಾನ್ಸಿನ ಲಾ ರೂನ್ ಉಳಿದೆರಡು. ನಾಲ್ಕೂ ಬೆಟ್ಟದ ಹಲ್ಲುಹಳಿ ರೈಲುಗಳೆಂಬುದು ಗಮನಾರ್ಹ.

ಇಳಿಯುವಾಗ ಸಲ್ಲಿಸುವ ಋಣ

ಥ್ರೀ ಫೇಸ್ ಮೋಟಾರಿಗೆ ಒಂದು ವಿಶೇಷ ಗುಣವಿದೆ. ಅದು ತನಗೆ ಗೊತ್ತುಮಾಡಿದ ವೇಗದ ಆಸುಪಾಸಿನಲ್ಲಿಯೇ ತಿರುಗುತ್ತದೆ. ರೈಲು ಇಳಿಯುವಾಗ ತನ್ನ ಭಾರದಿಂದ ಆ ವೇಗವನ್ನು ಮೀರಹೊರಟರೆ ಅದೇ ಮೋಟಾರು ಜನರೇಟರಾಗಿ ಮಾರ್ಪಡುತ್ತದೆ. ಗಾಡಿಗೆ ತಡೆಯನ್ನು ಒಡ್ಡುತ್ತ, ಹುಟ್ಟಿದ ವಿದ್ಯುತ್ತನ್ನು ತಂತಿಗೆ ಹಿಂದಿರುಗಿಸುತ್ತದೆ. ಅದೇ ಹೊತ್ತಿಗೆ ಕೆಳಗಿನಿಂದ ಏರುತ್ತಿರುವ ಇನ್ನೊಂದು ರೈಲಿಗೆ ಅದು ಬಲವಾಗುತ್ತದೆ. ಬಾವಿಯ ಗಡಗಡೆಯಲ್ಲಿ ಇಳಿಯುವ ಕೊಡ ಏರುವ ಕೊಡಕ್ಕೆ ನೆರವಾಗುವ ಹಾಗೆ.

ಒಂದು ಚಿಕ್ಕ ಲೆಕ್ಕವನ್ನು ನೋಡೋಣ. 75 ಕಿಲೋ ತೂಕದ ಒಬ್ಬರನ್ನು ಜೆರ್ಮಾಟಿನಿಂದ ಗೋರ್ನರ್‌ಗ್ರಾಟಿಗೆ, ಅಂದರೆ 1484 ಮೀಟರ್ ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ಸುಮಾರು 0.3 ಯೂನಿಟ್. 60 ವ್ಯಾಟಿನ ಹಳೆಯ ಬಲ್ಬೊಂದು ಐದು ತಾಸು ಉರಿದರೆ ಇಷ್ಟೇ ಖರ್ಚಾಗುತ್ತದೆ. ಗಾಡಿಯ ತೂಕ, ಘರ್ಷಣೆಯ ನಷ್ಟ ಬೇರೆ ಸೇರುತ್ತವೆ, ನಿಜ. ಆದರೂ ಇಳಿಯುವಾಗ ಅದರ ಒಂದು ಪಾಲು ಮರಳಿ ಬರುತ್ತದೆಂಬುದನ್ನು ನೆನೆದರೆ ಆ ಏರ್ಪಾಟಿನ ಮಿತವ್ಯಯ ಮನಸ್ಸಿಗೆ ಹಿಡಿಸುತ್ತದೆ.

ಮಾರ್ಗದ ಅತಿ ಕಡಿದಾದ ಕಡೆಗಳಲ್ಲಿ ನೂರು ಮೀಟರಿಗೆ ಇಪ್ಪತ್ತು ಮೀಟರ್ ಏರು. ಮೇಲೇರಲು ಅರ್ಧ ಗಂಟೆಗೆ ತುಸು ಹೆಚ್ಚು ಹಿಡಿಯುತ್ತದೆ. ಇಳಿಯಲು ಅದಕ್ಕಿಂತಲೂ ಹೆಚ್ಚು ಸಮಯ ಬೇಕು; ಇಳಿಜಾರಿನಲ್ಲಿ ವೇಗವನ್ನು ಬಿಗಿಯಾಗಿ ಹತೋಟಿಯಲ್ಲಿಡಬೇಕಲ್ಲವೇ? ಒಂದು ಬ್ರೇಕು ಕೈಕೊಟ್ಟರೆ ಇನ್ನೊಂದು ಹಿಡಿಯುವಂತೆ ಬೇರೆ ಬೇರೆ ಬ್ರೇಕುಗಳಿರುತ್ತವೆ.

ಮೇಲಿನ ನೋಟ

ಊರು ಬಿಟ್ಟ ರೈಲು ಫಿಂಡೆಲ್‌ಬಾಖ್ ಹಳ್ಳವನ್ನು ಎತ್ತರದ ಸೇತುವೆಯ ಮೇಲೆ ದಾಟಿ, ಲಾರ್ಚ್ ಹಾಗೂ ಪೈನ್ ಮರಗಳ ಕಾಡನ್ನು ಹೊಗುತ್ತದೆ. ರಿಫೆಲಾಲ್ಪ್ ದಾಟಿದ ಮೇಲೆ ಮರಗಳು ಹಿಂದುಳಿದು ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ರಿಫೆಲ್‌ಬೆರ್ಗ್ ಬರುವ ಹೊತ್ತಿಗೆ ಹುಲ್ಲೂ ವಿರಳವಾಗುತ್ತದೆ. ಅಮೆರಿಕದ ಹಾಸ್ಯ ಲೇಖಕ ಮಾರ್ಕ್ ಟ್ವೇನ್ 1880ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಈ ರಿಫೆಲ್‌ಬೆರ್ಗ್ ಏರುವುದನ್ನೇ ಒಂದು ದಂಡಯಾತ್ರೆಯಂತೆ ಬಣ್ಣಿಸಿ ನಗಿಸಿದ್ದಾನೆ. ರೋಟೆನ್‌ಬೋಡೆನ್ ನಿಲ್ದಾಣದ ಕೆಳಗೆ ರಿಫೆಲ್ ಎಂಬ ಪುಟ್ಟ ಸರೋವರವಿದೆ. ಗಾಳಿಯಿಲ್ಲದ ಮುಂಜಾವಿನಲ್ಲಿ ಮ್ಯಾಟರ್‌ಹಾರ್ನ್ ಅದರಲ್ಲಿ ತಲೆಕೆಳಗಾಗಿ ತೋರುತ್ತದೆ.

ಕೊನೆಯ ನಿಲ್ದಾಣ ಗೋರ್ನರ್‌ಗ್ರಾಟ್. ಬಯಲಿನಲ್ಲಿ ಓಡುವ ರೈಲುಗಳಲ್ಲಿ ಯುರೋಪಿನಲ್ಲಿಯೇ ಅತಿ ಎತ್ತರಕ್ಕೆ ಏರುವುದು ಇದು. 3454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್ ನಿಲ್ದಾಣ ಇದಕ್ಕಿಂತ ಮೇಲಿದ್ದರೂ ಅಲ್ಲಿಯ ರೈಲು ಬಹುಪಾಲು ಬಂಡೆಯೊಳಗಿನ ಸುರಂಗದಲ್ಲಿಯೇ ಸಾಗುತ್ತದೆ. ಇಲ್ಲಿ ನಿಂತರೆ ಸ್ವಿಟ್ಜರ್ಲೆಂಡಿನ ಅತ್ಯುನ್ನತ ಶಿಖರವಾದ 4634 ಮೀಟರಿನ ಡುಫೂರ್ ಸೇರಿದಂತೆ ನಾಲ್ಕು ಸಾವಿರ ಮೀಟರ್ ಮೀರಿದ ಇಪ್ಪತ್ತಕ್ಕೂ ಹೆಚ್ಚು ಶಿಖರಗಳು ಸುತ್ತಲೂ ಕಾಣುತ್ತವೆ. ಕೆಳಗೆ ಗೋರ್ನರ್ ಹಿಮನದಿ ಮಲಗಿದೆ.

ಮೊದಲು ಈ ರೈಲು ಬೇಸಗೆಯಲ್ಲಿ ಮಾತ್ರ ಓಡುತ್ತಿತ್ತು. 1928ರ ಚಳಿಗಾಲದಿಂದ ಮಾರ್ಗದ ಕೆಳಭಾಗದಲ್ಲಿ ಸಂಚಾರ ಆರಂಭವಾಯಿತು. ಹಿಮಕುಸಿತದಿಂದ ಹಳಿಯನ್ನು ಕಾಪಾಡಲು ಉದ್ದವಾದ ಮಾಡನ್ನು ಕಟ್ಟಿದ ಮೇಲೆ, 1940ರ ದಶಕದ ಆರಂಭದಿಂದ, ಚಳಿಗಾಲದಲ್ಲಿಯೂ ನೆತ್ತಿಯವರೆಗೆ ಹೋಗುವುದು ಸಾಧ್ಯವಾಯಿತು.

ಎಲ್ಲಿ ನಿಲ್ಲಬೇಕೆಂಬ ವಿವೇಕ

1892ರ ಅನುಮತಿಯಲ್ಲಿ ಇನ್ನೊಂದು ಯೋಜನೆಯೂ ಅಡಗಿತ್ತು. ಅದು ಮ್ಯಾಟರ್‌ಹಾರ್ನ್ ಶಿಖರದ ತುದಿಗೇ ರೈಲು ಹಾಕುವ ಯೋಜನೆ! ಆಗ ಅದು ಕೈಗೂಡಲಿಲ್ಲ. ಮತ್ತೆ 1906-07ರಲ್ಲಿ ಅದೇ ಪ್ರಸ್ತಾಪ ತಲೆಯೆತ್ತಿದಾಗ ದೇಶದಾದ್ಯಂತ ವಿರೋಧವೆದ್ದಿತು. ಸುಮಾರು 70,000 ಜನ ಮನವಿಗೆ ಸಹಿ ಹಾಕಿದರು. ಗೋರ್ನರ್‌ಗ್ರಾಟಿನ ರೈಲಿನಲ್ಲಿ ಕುಳಿತು ಸಂತೋಷಪಟ್ಟ ಜನವೇ ಮ್ಯಾಟರ್‌ಹಾರ್ನಿಗೆ ರೈಲು ಬೇಡವೆಂದಿತು. ದೂರದಿಂದ ನೋಡಿ ತಲೆಬಾಗಬೇಕಾದ ತಾಣವೂ ಒಂದಿರಲಿ ಎಂಬುದು ಅವರ ಭಾವನೆ. ಆ ರೈಲು ಇಂದಿಗೂ ನಿರ್ಮಾಣವಾಗಿಲ್ಲ.

ಎರಡನೆಯ ವಿವೇಕ ಮೋಟಾರುಗಳ ವಿಷಯದ್ದು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಜೆರ್ಮಾಟಿನಲ್ಲಿ ಪ್ರವೇಶವಿಲ್ಲ. ಎಲ್ಲರ ವಾಹನಗಳಿಗೂ ರಸ್ತೆ ಆಗಬೇಕೆಂಬ ಪ್ರಸ್ತಾಪವನ್ನು ಊರಿನ ಮತದಾರರು 1972ರಲ್ಲಿ ತಿರಸ್ಕರಿಸಿದರು. ಪ್ರವಾಸಿಗರು ಐದು ಕಿಲೋಮೀಟರ್ ಕೆಳಗಿನ ಟೇಷ್ ಗ್ರಾಮದಲ್ಲಿ ಕಾರು ನಿಲ್ಲಿಸಿ, ಹನ್ನೆರಡು ನಿಮಿಷಗಳ ರೈಲುಪ್ರಯಾಣ ಮಾಡಿ ಊರು ಸೇರುತ್ತಾರೆ. ಊರೊಳಗೆ ಓಡಾಡುವುದು ಸಣ್ಣ ವಿದ್ಯುತ್ ಗಾಡಿಗಳು, ಕುದುರೆಗಾಡಿಗಳು. ಪ್ರವಾಸಿಗರಿಂದಲೇ ಬದುಕುವ ಊರು ಪ್ರವಾಸಿಗರ ವಾಹನವನ್ನು ಬೇಡವೆನ್ನುವುದು ಸುಲಭದ ಮಾತಲ್ಲ. ಅಂಗಡಿಯವರು ಗಿರಾಕಿಯನ್ನು ಕಳೆದುಕೊಳ್ಳುವ ಭಯ ಪಟ್ಟಿರಬಹುದು. ಆದರೆ ಶುದ್ಧವಾದ ಗಾಳಿಯನ್ನೂ ಮೌನವನ್ನೂ ಅರಸಿ ಬರುವವರಿಗೆ ಹೊಗೆಯನ್ನೂ ಹಾರನ್ನನ್ನೂ ಬಡಿಸಿದರೆ ಅವರು ಮತ್ತೆ ಬಂದಾರೆಯೇ?

ಹಾಗೆಂದು ಈ ಊರು ಪೆಟ್ಟನ್ನೇ ತಿನ್ನಲಿಲ್ಲವೆಂದಲ್ಲ. 1963ರಲ್ಲಿ, ಪ್ರವಾಸಿಗರು ತುಂಬಿ ತುಳುಕುವ ಚಳಿಗಾಲದಲ್ಲಿಯೇ, ಕುಡಿಯುವ ನೀರು ಮಲಿನಗೊಂಡು ವಿಷಮಶೀತ ಜ್ವರ ಹರಡಿತು. ನಾನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಮೂವರು ಪ್ರಾಣಬಿಟ್ಟರು. ನಾಲ್ಕು ಜನರಿಗೆ ಸಾಲುವ ನೀರು, ಚರಂಡಿಗಳ ವ್ಯವಸ್ಥೆ ನಾಲ್ಕು ನೂರು ಜನರಿಗೆ ಸಾಲದೆಂಬುದನ್ನು ಅದು ಕಲಿಸಿತು. ಜಾತ್ರೆ, ಯಾತ್ರೆಗಳ ವ್ಯವಸ್ಥೆ ಹೊತ್ತ ಎಲ್ಲರೂ ಈ ಪಾಠವನ್ನು ನೆನಪಿನಲ್ಲಿಡುವುದು ಒಳಿತು.

1991ರ ಏಪ್ರಿಲ್ ಹಾಗೂ ಮೇ ತಿಂಗಳುಗಳಲ್ಲಿ ಕಣಿವೆಯ ರಾಂಡಾ ಗ್ರಾಮದ ಬಳಿ ಬೆಟ್ಟದ ಪಕ್ಕವೇ ಕುಸಿಯಿತು. ಸುಮಾರು ಮೂರು ಕೋಟಿ ಘನಮೀಟರ್ ಬಂಡೆ ಉರುಳಿ, ರೈಲುಮಾರ್ಗವನ್ನೂ ರಸ್ತೆಯನ್ನೂ ಹೂತು, ನದಿಯನ್ನು ಅಡ್ಡಗಟ್ಟಿತು. ಪುಣ್ಯಕ್ಕೆ ಮನುಷ್ಯರ ಪ್ರಾಣಹಾನಿಯಾಗಲಿಲ್ಲ. ಕೆಲವೇ ತಿಂಗಳುಗಳಲ್ಲಿ ಕುಸಿತದ ಪಕ್ಕದಲ್ಲಿ ಹೊಸ ಹಳಿಯನ್ನು ಹಾಸಿ ರೈಲನ್ನು ಮತ್ತೆ ಓಡಿಸಿದರು.

ಇಂದಿನ ಚಿಂತೆ ಇನ್ನೂ ಆಳವಾದುದು. ಗೋರ್ನರ್ ಹಿಮನದಿ ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದೀಚೆಗೆ ಎರಡು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. 2003ರ ಬಿರುಬೇಸಗೆಯಲ್ಲಿ ಮ್ಯಾಟರ್‌ಹಾರ್ನಿನ ಬಂಡೆಗಳನ್ನು ಬಂಧಿಸಿದ್ದ ಮಂಜುಗಡ್ಡೆ ಕರಗಿ ಶಿಖರದ ಒಂದು ಭಾಗ ಉದುರಿತು. ಊರೊಂದು ಎಷ್ಟೇ ಜಾಗರೂಕವಾಗಿ ನಡೆದುಕೊಂಡರೂ ಜಗತ್ತಿನ ಉಳಿದೆಡೆ ಎದ್ದ ಹೊಗೆಯ ಫಲವನ್ನು ಅದೂ ಉಣ್ಣಬೇಕಾಗಿದೆ.

ಹೋಗಬಯಸುವವರಿಗೆ ಎರಡು ಮಾತು

ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂದು ಹೊರದೇಶಗಳಲ್ಲಿ ನೆಲೆಸಿದ್ದಾರೆ. ಅವರನ್ನು ನೋಡಲು ಹೋದ ಹಿರಿಯರು ಇಂಥ ತಾಣಗಳಿಗೂ ಹೋಗಿಬರುವುದುಂಟು. ಅವರಿಗೆ ತಿಳಿದಿರಬೇಕಾದ ಸಂಗತಿಯೆಂದರೆ, 3000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ನೂರರಲ್ಲಿ ಸುಮಾರು ಎಪ್ಪತ್ತು ಪಾಲು ಮಾತ್ರ. ರೈಲು ಅಲ್ಪ ಸಮಯದಲ್ಲಿಯೇ ಮೇಲೊಯ್ಯುವುದರಿಂದ ಮೈ ಒಗ್ಗಿಕೊಳ್ಳಲು ಸಮಯವಿರುವುದಿಲ್ಲ. ಹೃದಯದ, ಉಸಿರಾಟದ ತೊಂದರೆಯುಳ್ಳವರು ಮೊದಲೇ ವೈದ್ಯರನ್ನು ಕೇಳಬೇಕು. ಮೇಲೆ ಹೋದವರು ನಿಧಾನವಾಗಿ ನಡೆಯಬೇಕು, ಆಗಾಗ ನೀರು ಕುಡಿಯಬೇಕು. ಬೇಸಗೆಯಲ್ಲಿಯೂ ಉಣ್ಣೆಯ ಬಟ್ಟೆ, ತಂಪು ಕನ್ನಡಕ ಜೊತೆಗಿರಬೇಕು. ಬೇಸಗೆಯ ದಿನಗಳಲ್ಲಿ ಹೋಗಿಬರುವ ಪೂರ್ಣ ದರ ನೂರು ಫ್ರಾಂಕುಗಳನ್ನು ಮೀರುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ. ಅಷ್ಟು ದೂರ ಹೋಗಲಾಗದವರು ಊಟಿಯ ರೈಲಿನಲ್ಲಿ ಕುಳಿತು, ಹಳಿಯ ನಡುವಿನ ಹಲ್ಲುಪಟ್ಟಿಯನ್ನು ಮಕ್ಕಳಿಗೆ ತೋರಿಸಿ, ಅದರ ಮರ್ಮವನ್ನು ತಿಳಿಸಿಕೊಡಬಹುದು.

ನಮ್ಮ ನಾಡಿನ ಬೆಟ್ಟಗಳಿಗೂ ಇಂದು ವಾಹನಗಳ ಸಾಲು ಹರಿಯುತ್ತಿದೆ. ರಜೆಯ ದಿನಗಳಲ್ಲಿ ತಿರುವುಗಳಲ್ಲಿ ಗಂಟೆಗಟ್ಟಲೆ ನಿಂತು, ಹೊಗೆ ಕುಡಿದು, ಕಸವನ್ನು ಚೆಲ್ಲಿ ಹಿಂದಿರುಗುವುದೇ ಪ್ರವಾಸವೆನಿಸಿಕೊಳ್ಳುತ್ತಿದೆ. ಎಲ್ಲ ಬೆಟ್ಟಕ್ಕೂ ರೈಲು ಬೇಕೆಂದು ನಾವು ಹೇಳುತ್ತಿಲ್ಲ. ಅದಕ್ಕೆ ತಗಲುವ ವೆಚ್ಚ, ಕಾಡಿಗಾಗುವ ಹಾನಿ ಅಲ್ಪವಲ್ಲ. ಆದರೆ ಬುಡದಲ್ಲಿ ತಮ್ಮ ವಾಹನವನ್ನು ನಿಲ್ಲಿಸಿ, ಎಲ್ಲರೊಡನೆ ಒಂದೇ ಗಾಡಿಯಲ್ಲಿ ಏರುವ ಅಭ್ಯಾಸಕ್ಕೆ ಹೆಚ್ಚಿನ ಹಣವೇನೂ ಬೇಕಾಗಿಲ್ಲ. ತನ್ನ ಅನುಕೂಲವನ್ನು ತುಸು ಬಿಟ್ಟುಕೊಟ್ಟರೆ ಸಾಕು. ಊರಿನ ಜನ ಒಟ್ಟಾಗಿ ಕುಳಿತು, ಇಷ್ಟು ಸಾಕು ಎಂಬ ಮಾತನ್ನು ಆಡಬಲ್ಲರಾದರೆ ಬೆಟ್ಟವೂ ಉಳಿಯುತ್ತದೆ, ಬೆಟ್ಟವನ್ನು ನಂಬಿದವರ ಬದುಕೂ ಉಳಿಯುತ್ತದೆ. ಮುಂದೆ ನಮ್ಮ ಮೊಮ್ಮಕ್ಕಳು ಅಲ್ಲಿಗೆ ಏರಿದಾಗ ಕಾಣಲು ಏನಾದರೂ ಇರಬೇಕಲ್ಲವೇ?